ತಮ್ಮನ ಖಿನ್ನತೆಗೆ ಮಾತ್ರೆ ಕೊಟ್ಟಿದ್ದಾರೆ, ಡೋಸ್ ಜಾಸ್ತಿ ಮಾಡಿಸಬೇಕಾ?

ಡೊಂಬಿವಲಿ_ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಮ್ಮನಿಗೆ ಈಗ 27. ಮುಂಬೈನ ಅಂಧೇರಿಯ ಒಂದು ಹೋಟೆಲಿನಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದ. ಊರು ಕುಂದಾಪುರದ ಕಡೆ. ಅಪ್ಪ ಇಲ್ಲ, ಅಮ್ಮ ನಮ್ಮ ಜೊತೆ ಇಲ್ಲೇ ಇದ್ದಾರೆ. ಗಣಪತಿ ಹಬ್ಬ ಮುಗಿದ ಮೇಲೆ ಹುಡುಗ ಮಂಕಾದ. ಮೊದಲು ನಾವು ಕೆಲಸದ ಸುಸ್ತು ಅಂದುಕೊಂಡೆವು. ಆಮೇಲೆ ರಾತ್ರಿ ಕ್ಯಾಶ್ ತಾಳೆ ಆಗುತ್ತಿಲ್ಲ, ಚಿಲ್ಲರೆ ತಪ್ಪು ಕೊಡುತ್ತಾನೆ ಅಂತ ಮಾಲೀಕರು ಫೋನ್ ಮಾಡಿದರು. ಲೆಕ್ಕದಲ್ಲಿ ಅವನು ಯಾವತ್ತೂ ತಪ್ಪಿದವನಲ್ಲ. ಬೆಳಿಗ್ಗೆ ನೋಡಿದರೆ ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಮಂಚದ ಮೇಲೆ ಸುಮ್ನೆ ಕೂತಿರುತ್ತಾನೆ. ಕರೆದರೆ ತಿರುಗಿ ನೋಡುತ್ತಾನೆ, ಆದರೆ ಏಳುವುದಿಲ್ಲ. ಊಟ ಅರ್ಧಕ್ಕರ್ಧ ಕಮ್ಮಿ. ಕೊನೆಗೆ ಕೆಲಸವೂ ಬಿಟ್ಟ.

ನಮ್ಮ ಫ್ಯಾಮಿಲಿ ಡಾಕ್ಟರ್ ಇದು ಡಿಪ್ರೆಶನ್ ಅಂತ ಎಸಿಟಲೋಪ್ರಾಮ್ ಮಾತ್ರೆ ಬರೆದುಕೊಟ್ಟರು. ಕೆಲವು ವಾರ ಏನೂ ಬದಲಾಗಲಿಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ಎದ್ದು ನಿಂತ. ನಗುತ್ತಾನೆ, ಮಾತಾಡುತ್ತಾನೆ, ಅಮ್ಮನ ಕೈ ಹಿಡಿದು ಮಾರ್ಕೆಟ್‌ಗೆ ಹೋಗುತ್ತಾನೆ. ಮಾತ್ರೆ ಕೆಲಸ ಮಾಡಿತು ಅಂತ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಒಂದು ವಾರ, ಹತ್ತು ದಿನ ಹೀಗೆ ಇದ್ದ. ಈಗ ಮತ್ತೆ ಮಲಗಿದ್ದಾನೆ, ಈ ಸಲ ಮೊದಲಿಗಿಂತ ಜಾಸ್ತಿ.

ಡಾಕ್ಟರ್ ಡೋಸ್ ಸಾಲುತ್ತಿಲ್ಲ, ಹೆಚ್ಚಿಸೋಣ ಅನ್ನುತ್ತಾರೆ. ಅಮ್ಮನಿಗೆ ಊರಿಗೆ ಹೋಗಿ ಪ್ರಶ್ನೆ ಇಡಿಸಬೇಕು ಅಂತ ಇದೆ. ನಮ್ಮ ಯಜಮಾನರು ಕೆಲಸಕ್ಕೆ ಹೋದರೆ ತಾನೇ ಸರಿಯಾಗುತ್ತಾನೆ ಅನ್ನುತ್ತಾರೆ. ಡೋಸ್ ಜಾಸ್ತಿ ಮಾಡಿಸಬೇಕಾ? ಈ ಮಾತ್ರೆ ಅಭ್ಯಾಸ ಆಗಿಬಿಡುತ್ತದಾ? ಅನುಭವ ಇರುವವರು ಹೇಳಿ.

ಹಿಂಜೇವಾಡಿ_ಹುಡುಗ

ಅಕ್ಕ, ಮೊದಲು ಒಂದು ಮಾತು. ಕೆಲಸಕ್ಕೆ ಹೋದರೆ ಸರಿಯಾಗುತ್ತಾನೆ ಅನ್ನುವುದನ್ನು ಮನೆಯಲ್ಲಿ ಯಾರೂ ಹೇಳದ ಹಾಗೆ ನೋಡಿಕೊಳ್ಳಿ. ಅವನಿಗೆ ಹೋಗಲು ಆಗುತ್ತಿಲ್ಲ ಅನ್ನುವುದೇ ಕಾಯಿಲೆ.

ನಾನು ವಿಜಯಪುರದವನು, ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ನನ್ನದು ನಿಮ್ಮ ತಮ್ಮನ ಹಾಗೆ ಒಮ್ಮೆಲೇ ಬಂದದ್ದಲ್ಲ. ಕಾಲೇಜಿನಿಂದಲೂ ಇತ್ತು. ಕೆಲಸ ಮಾಡುತ್ತಿದ್ದೆ, ಅಪ್ರೈಸಲ್ ಚೆನ್ನಾಗಿ ಬರುತ್ತಿತ್ತು, ಗೆಳೆಯರ ಮದುವೆಗೆ ಹೋಗುತ್ತಿದ್ದೆ, ಆದರೆ ಯಾವುದರಲ್ಲೂ ರುಚಿ ಇರಲಿಲ್ಲ. ಇವನ ಸ್ವಭಾವವೇ ಹಾಗೆ ಅಂತ ಮನೆಯವರು ಅಂದುಕೊಂಡಿದ್ದರು, ನಾನೂ ಅದನ್ನೇ ನಂಬಿದ್ದೆ. ಎರಡು ವರ್ಷಕ್ಕಿಂತ ಜಾಸ್ತಿ ಕಾಲ ಹೆಚ್ಚಿನ ದಿನಗಳಲ್ಲಿ ಹೀಗೆ ಮಂಕಾಗಿಯೇ ಇದ್ದರೆ ಅದನ್ನು ಡಿಸ್ತೈಮಿಯಾ ಅನ್ನುತ್ತಾರಂತೆ. ತೀವ್ರತೆ ಕಮ್ಮಿ ಕಂಡರೂ ಅದರ ಜೊತೆ ಬದುಕುವುದು ಸುಲಭವಲ್ಲ, ಯಾಕೆಂದರೆ ಚೆನ್ನಾಗಿರುವುದು ಅಂದರೆ ಹೇಗಿರುತ್ತದೆ ಅನ್ನುವುದೇ ಮರೆತುಹೋಗಿರುತ್ತದೆ.

ನನಗೆ ಸರ್ಟ್ರಲಿನ್ ಅನ್ನುವ ಖಿನ್ನತೆಯ ಮಾತ್ರೆ ಕೊಟ್ಟರು, ಜೊತೆಗೆ ಪ್ರತಿ ವಾರ ಕೌನ್ಸೆಲಿಂಗ್. ಕೌನ್ಸೆಲರ್ ದೊಡ್ಡ ದೊಡ್ಡ ಮಾತು ಏನೂ ಆಡಲಿಲ್ಲ. ಒಂದು ಹಾಳೆಯಲ್ಲಿ ದಿನದ ಗಂಟೆಗಳನ್ನು ಬರೆಸಿ, ಪ್ರತಿ ಗಂಟೆ ಏನು ಮಾಡಿದೆ, ಆಗ ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ ಅಂತ ತುಂಬಿಸಲು ಹೇಳಿದರು. ಭಾನುವಾರದ ಕಾಲಂ ಪೂರ್ತಿ "ಮಲಗಿದೆ, 2", "ಫೋನ್, 2" ಅಂತಲೇ ಇತ್ತು. ಮಧ್ಯದಲ್ಲಿ ಒಂದೇ ಕಡೆ "ಕೆಳಗಿನ ಅಂಗಡಿಯಿಂದ ಕೊತ್ತಂಬರಿ ತಂದೆ, 4". ಆ ನಾಲ್ಕನ್ನು ಹಿಡಿದುಕೊಂಡೇ ಅವರು ಶುರು ಮಾಡಿದರು. ಮನಸ್ಸು ಬಂದ ಮೇಲೆ ಮಾಡೋಣ ಅಂತ ಕಾಯಬೇಡಿ, ಮಾಡಿ, ಮನಸ್ಸು ಆಮೇಲೆ ಬರುತ್ತದೆ ಅನ್ನುವುದು ಅವರ ವಾದ. ನನ್ನ ಮಟ್ಟಿಗೆ ಅದು ನಿಜವಾಯಿತು.

ಡೋಸ್ ವಿಷಯ: ನನಗೆ ಮೊದಲ ಡೋಸ್ ಸಾಲಲಿಲ್ಲ, ಹೆಚ್ಚಿಸಿದ ಮೇಲೆಯೇ ವ್ಯತ್ಯಾಸ ಆಯಿತು. ಹಾಗಾಗಿ ಡಾಕ್ಟರ್ ಹೇಳಿದರೆ ಹೆಚ್ಚಿಸಿ, ಹೆದರಬೇಡಿ.

ಸಿಸ್ಟರ್_ಮುಲುಂಡ್

ಡೊಂಬಿವಲಿ ಅಕ್ಕ, ಸ್ವಲ್ಪ ತಡೆಯಿರಿ. ಡೋಸ್ ಹೆಚ್ಚಿಸುವ ಮುಂಚೆ ನನಗೆ ಇದನ್ನು ಹೇಳಿ. ಅವನು ಚೆನ್ನಾಗಿದ್ದ ಅಂದಿರಲ್ಲ, ಆ ದಿನಗಳಲ್ಲಿ ರಾತ್ರಿ ಎಷ್ಟು ಹೊತ್ತು ಮಲಗುತ್ತಿದ್ದ? ಹಗಲು ಸುಸ್ತು ಇತ್ತಾ? ದುಡ್ಡು ಹೇಗೆ ಖರ್ಚು ಮಾಡಿದ? ಮಾತು ಯಾವಾಗಿನ ಹಾಗೇ ಇತ್ತಾ, ಇಲ್ಲ ಜೋರಾಗಿ, ಒಂದರ ಮೇಲೆ ಒಂದು ಬರುತ್ತಿತ್ತಾ? ಸಿಟ್ಟು? ಮನೆತನದಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ?

ನಾನು ಡಾಕ್ಟರ್ ಅಲ್ಲ. ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ತುಂಬಾ ವರ್ಷ ಸಿಸ್ಟರ್ ಆಗಿ ಕೆಲಸ ಮಾಡಿದವಳು.

ಡೊಂಬಿವಲಿ_ಅಕ್ಕ

ಸಿಸ್ಟರ್, ನೀವು ಕೇಳಿದ ಮೇಲೆ ಕೂತು ಯೋಚಿಸಿದೆ.

ರಾತ್ರಿ ಎರಡು ಮೂರು ಗಂಟೆಗಿಂತ ಜಾಸ್ತಿ ಮಲಗುತ್ತಿರಲಿಲ್ಲ. ಮೂರಕ್ಕೆ ಎದ್ದು ಅಡುಗೆಮನೆಯ ಲೈಟ್ ಹಾಕಿಕೊಂಡು ಕೂರುತ್ತಿದ್ದ. ಸುಸ್ತು ಇರಲೇ ಇಲ್ಲ. ಸ್ವಂತ ದೋಸೆ ಸೆಂಟರ್ ಹಾಕುತ್ತೇನೆ ಅಂತ ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ ಮೆನು ಬರೆದಿದ್ದಾನೆ, ನಾಲ್ಕೈದು ಹಾಳೆ, ನೂರಕ್ಕೂ ಜಾಸ್ತಿ ಐಟಂ, ಕೆಂಪು ಪೆನ್ನು ನೀಲಿ ಪೆನ್ನು, ರೇಟ್ ಹೊಡೆದು ಹಾಕಿ ಮತ್ತೆ ಬರೆದದ್ದು. ಸೆಕೆಂಡ್ ಹ್ಯಾಂಡ್ ಗ್ರೈಂಡರ್‌ಗೆ ಅಡ್ವಾನ್ಸ್ ಕೊಟ್ಟು ಬಂದ, ನಮ್ಮ ಯಾರಿಗೂ ಹೇಳದೆ. ಮಾತು ಎಷ್ಟು ಅಂದರೆ ನಡುವೆ ನಮಗೆ ಬಾಯಿ ತೆರೆಯಲು ಜಾಗ ಇರಲಿಲ್ಲ. ಅಮ್ಮ ಒಂದು ದಿನ ನಿಧಾನ ಮಗಾ ಅಂದದ್ದಕ್ಕೆ ತಟ್ಟೆ ಎಸೆದ. ಹುಷಾರಾದ ಖುಷಿಯಲ್ಲಿ ಹೀಗೆ ಆಡುತ್ತಿದ್ದಾನೆ ಅಂತ ನಾವೆಲ್ಲ ಅಂದುಕೊಂಡೆವು.

ನಮ್ಮ ಚಿಕ್ಕಪ್ಪ ಒಬ್ಬರು ಇದ್ದರು. ಕೆಲವು ತಿಂಗಳು ಚಾವಡಿಯ ಮೂಲೆ ಬಿಟ್ಟು ಏಳುತ್ತಿರಲಿಲ್ಲ, ಕೆಲವು ತಿಂಗಳು ಊರೂರು ಸುತ್ತಿ ಸಾಲ ಮಾಡಿ ಬರುತ್ತಿದ್ದರು. ಅವರಿಗೆ ಯಾರೂ ಮದ್ದು ಮಾಡಿಸಿರಲಿಲ್ಲ.

ಸಿಸ್ಟರ್_ಮುಲುಂಡ್

ಅಕ್ಕ, ಡೋಸ್ ಹೆಚ್ಚಿಸಬೇಡಿ. ಈ ವಾರವೇ ಮನೋರೋಗ ತಜ್ಞರಿಗೆ ತೋರಿಸಿ. ಮಾತ್ರೆಯನ್ನು ನೀವಾಗಿ ಪೂರ್ತಿ ನಿಲ್ಲಿಸುವುದೂ ಬೇಡ. ಈಗಿನ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಮೇಲೆ ಬರೆದದ್ದನ್ನೆಲ್ಲ ಓದಿ ಹೇಳಿ. ನಡುವೆ ಮತ್ತೆ ನಿದ್ದೆ ಬಿಟ್ಟು ಓಡಾಡಲು ಶುರು ಮಾಡಿದರೆ ವಾರ ಕಾಯಬೇಡಿ, ಅದೇ ದಿನ ಕರೆದುಕೊಂಡು ಹೋಗಿ.

ಖಿನ್ನತೆ ಗುಣವಾಗುವುದು ನಿಧಾನ. ಸ್ವಲ್ಪ ನಿದ್ದೆ ಬರುತ್ತದೆ, ಸ್ವಲ್ಪ ಊಟ ಸೇರುತ್ತದೆ, ಒಂದು ದಿನ ತಾನಾಗಿ ಸ್ನಾನಕ್ಕೆ ಹೋಗುತ್ತಾನೆ, ಮಾರನೆಯ ದಿನ ಮತ್ತೆ ಮಂಕು. ಹೀಗೆ ಹಿಂದೆ ಮುಂದೆ ಆಗುತ್ತಾ ವಾರಗಟ್ಟಲೆಯಲ್ಲಿ ಮೇಲೆ ಬರುತ್ತಾರೆ. ನಿಮ್ಮ ತಮ್ಮನಿಗೆ ಆದದ್ದು ಹಾಗಿಲ್ಲ. ಅದರಲ್ಲೂ ನಿದ್ದೆಯನ್ನು ಗಮನಿಸಿ. ಖಿನ್ನತೆ ಇರುವವರು ನಿದ್ದೆ ಬೇಕು ಅಂತ ಒದ್ದಾಡುತ್ತಾರೆ, ಬೆಳಿಗ್ಗೆ ಸೋತು ಏಳುತ್ತಾರೆ. ಇವನಿಗೆ ನಿದ್ದೆಯೇ ಬೇಕಿರಲಿಲ್ಲ. ಎರಡು ಗಂಟೆ ಮಲಗಿ ದಿನವಿಡೀ ಓಡಾಡಿದ್ದಾನೆ. ಜೊತೆಗೆ ಮಾತಿನ ಪ್ರವಾಹ, ಹೇಳದೆ ಕೇಳದೆ ಖರ್ಚು, ಸಿಟ್ಟು. ಇದನ್ನು ಮೇನಿಯಾ ಅನ್ನುತ್ತಾರೆ, ಸ್ವಲ್ಪ ಕಮ್ಮಿ ಮಟ್ಟದಲ್ಲಿದ್ದರೆ ಹೈಪೊಮೇನಿಯಾ. ಹೀಗೆ ಏರುವುದು ಇಳಿಯುವುದು ಎರಡೂ ಇದ್ದರೆ ಅದು ಬೈಪೋಲಾರ್ ಕಾಯಿಲೆ ಇರಬಹುದು. ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಶುರುವಾಗುತ್ತದೆ. ಮನೆತನದಲ್ಲೂ ಬರುತ್ತದೆ. ಚಿಕ್ಕಪ್ಪನ ವಿಷಯ ಡಾಕ್ಟರಿಗೆ ಹೇಳಲೇಬೇಕು. ಕೊನೆಗೆ ಇದು ಹೌದೋ ಅಲ್ಲವೋ ಅಂತ ತೀರ್ಮಾನ ಮಾಡಬೇಕಾದವರು ಅವರೇ.

ಕಷ್ಟ ಇರುವುದು ಎಲ್ಲಿ ಅಂದರೆ, ಬೈಪೋಲಾರ್‌ನ ಇಳಿತ ನೋಡಲು ಮಾಮೂಲಿ ಖಿನ್ನತೆಯ ಹಾಗೇ ಇರುತ್ತದೆ. ಜನ ಡಾಕ್ಟರ್ ಹತ್ತಿರ ಬರುವುದೂ ಇಳಿತದಲ್ಲಿದ್ದಾಗಲೇ. ಏರಿದಾಗ ಯಾರೂ ಬರುವುದಿಲ್ಲ, ಚೆನ್ನಾಗಿದ್ದೇನೆ ಅಂದುಕೊಳ್ಳುತ್ತಾರೆ. ಡಾಕ್ಟರಿಗೆ ಅರ್ಧ ಕಥೆ ಮಾತ್ರ ಸಿಗುತ್ತದೆ. ಬೈಪೋಲಾರ್ ಇದ್ದವರಿಗೆ ಖಿನ್ನತೆಯ ಮಾತ್ರೆಯನ್ನು ಮಾತ್ರ ಕೊಟ್ಟರೆ ಕೆಲವರು ನೇರ ಮೇನಿಯಾಕ್ಕೆ ಜಿಗಿಯುತ್ತಾರೆ. ಅವರಿಗೆ ಬೇಕಾದದ್ದು ಮನಸ್ಸನ್ನು ಒಂದು ಮಟ್ಟದಲ್ಲಿ ಹಿಡಿದಿಡುವ ಔಷಧ: ಲಿಥಿಯಂ, ಲಾಮೋಟ್ರಿಜಿನ್, ಕ್ವೆಟಿಯಾಪಿನ್ ಇಂಥವು.

ಹಿಂಜೇವಾಡಿ ಅವರೇ, ನಿಮ್ಮ ಅನುಭವ ಖಂಡಿತ ನಿಜ, ಡಿಸ್ತೈಮಿಯಾಕ್ಕೆ ನೀವು ಪಡೆದ ಚಿಕಿತ್ಸೆಯೂ ಸರಿ. ಆದರೆ ಜ್ವರ ಅಂದರೆ ಮಲೇರಿಯಾನೂ ಇರಬಹುದು, ಟೈಫಾಯ್ಡೂ ಇರಬಹುದು, ಒಂದರ ಮಾತ್ರೆ ಇನ್ನೊಂದಕ್ಕೆ ನಾಟುವುದಿಲ್ಲ ಅಲ್ವಾ, ಇದೂ ಹಾಗೇ. ಪಕ್ಕದ ಮನೆಯವರಿಗೆ ಗುಣವಾಯಿತು ಅಂತ ಅದೇ ಮಾತ್ರೆ, ಅದೇ ಡೋಸ್ ಕೇಳುವವರನ್ನು ನಾನು ಒಪಿಡಿಯಲ್ಲಿ ದಿನಾ ನೋಡಿದ್ದೇನೆ.

ನೆಟ್‌ನಲ್ಲಿ ಪಿಎಚ್‌ಕ್ಯು-9 ಅಂತ ಒಂಬತ್ತು ಪ್ರಶ್ನೆಗಳ ಪಟ್ಟಿ ಸಿಗುತ್ತದೆ. ಹಿಂದಿನ ಎರಡು ವಾರ ಹೇಗಿತ್ತು ಅಂತ ಕೇಳುತ್ತದೆ, 27ಕ್ಕೆ ಅಂಕ, 10 ಅಥವಾ ಜಾಸ್ತಿ ಬಂದರೆ ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ಒಳ್ಳೆಯ ಪಟ್ಟಿಯೇ. ಆದರೆ ಅದು ಇಳಿತವನ್ನು ಮಾತ್ರ ಅಳೆಯುತ್ತದೆ. ಹಿಂದೆ ಏರಿದ್ದಿರಾ ಅಂತ ಕೇಳುವುದೇ ಇಲ್ಲ. ಅದಕ್ಕೇ ಮನೆಯವರ ಮಾತು ಬೇಕು. ಆ ಕ್ಯಾಲೆಂಡರ್ ಹಾಳೆಗಳನ್ನು ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ನೀವು ಎಷ್ಟು ವಿವರಿಸಿದರೂ ಅವಷ್ಟು ಚೆನ್ನಾಗಿ ಹೇಳಲು ಆಗುವುದಿಲ್ಲ.

ಅಭ್ಯಾಸದ ಬಗ್ಗೆ ಕೇಳಿದ್ದಿರಿ. ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಆದರೆ ಒಮ್ಮೆಲೇ ಬಿಟ್ಟರೆ ತಲೆಸುತ್ತು, ಕಿರಿಕಿರಿ, ನಿದ್ದೆಗೇಡು ಆಗಬಹುದು, ಅದಕ್ಕೆ ನಿಧಾನ ಇಳಿಸುತ್ತಾರೆ.

ಇನ್ನೊಂದು. ಸಾಯಬೇಕು ಅನಿಸುತ್ತದಾ ಅಂತ ಅವನನ್ನು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಒಬ್ಬನೇ ಬಿಡಬೇಡಿ, ಮನೆಯ ಎಲ್ಲಾ ಮಾತ್ರೆ ನಿಮ್ಮ ಕಪಾಟಿನಲ್ಲಿ ಬೀಗ ಹಾಕಿಡಿ, ತಕ್ಷಣ ಆಸ್ಪತ್ರೆಗೆ ಹೋಗಿ. 14416 ಟೆಲಿ ಮಾನಸ್ ನಂಬರ್ ಇಟ್ಟುಕೊಳ್ಳಿ. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ವಾಸ್ಕೋ_ಅಮ್ಮ

ಸಿಸ್ಟರ್ ಹೇಳಿದ್ದು ಓದಿ ನಾನೂ ಬರೆಯಬೇಕು ಅನಿಸಿತು. ನಾವು ಗದಗ ಕಡೆಯವರು, ಗೋವಾಕ್ಕೆ ಬಂದು ನೆಲೆಸಿದ್ದೇವೆ.

ನನಗೆ ಬಾಣಂತನದಲ್ಲಿ ಖಿನ್ನತೆ ಬಂದಿತ್ತು. ಹೆರಿಗೆಯಾದ ಮೇಲೆ ಮೊದಲ ಕೆಲವು ದಿನ ಸುಮ್ನೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ, ಎರಡು ವಾರದೊಳಗೆ ತಾನೇ ಹೋಗುತ್ತದೆ. ನನ್ನದು ಹೋಗಲಿಲ್ಲ. ಕೂಸು ಮಲಗಿದರೂ ನನಗೆ ನಿದ್ದೆ ಇಲ್ಲ. ಎತ್ತಿಕೊಂಡರೆ ಇದು ನನ್ನ ಕೂಸು ಅನ್ನುವ ಭಾವನೆಯೇ ಬರುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದರೆ ತಾಯಿಯಾಗಿ ಹೀಗೆನ್ನುತ್ತಾಳಲ್ಲ ಅಂತಾರೆ ಎಂಬ ಭಯ. ಲಸಿಕೆ ಹಾಕಿಸಲು ಹೋದಾಗ ಅಲ್ಲಿನ ನರ್ಸ್ ಕೂಸಿನ ತೂಕ ನೋಡಿ, ಆಮೇಲೆ ನನ್ನ ಮುಖ ನೋಡಿ, ನೀನು ಹೇಗಿದ್ದೀಯವ್ವಾ ಅಂತ ಕೇಳಿದರು. ಅಲ್ಲೇ ಅತ್ತುಬಿಟ್ಟೆ.

ಬಾಂಬೋಳಿಯ ಮನೋವೈದ್ಯ ಸಂಸ್ಥೆಯಲ್ಲಿ ತೋರಿಸಿದೆವು. ಹಾಲೂಡಿಸುವಾಗ ಯಾವ ಮಾತ್ರೆ ನಡೆಯುತ್ತದೆ ಅಂತ ನೋಡಿಯೇ ಕೊಟ್ಟರು, ಹಾಲು ಬಿಡಿಸಲಿಲ್ಲ. ಇದನ್ನು ಯಾಕೆ ಹೇಳುತ್ತೇನೆ ಅಂದರೆ ಎಷ್ಟೋ ಜನ ಹಾಲು ಬಿಡಬೇಕಾಗುತ್ತದೆ ಅಂತಲೇ ಡಾಕ್ಟರ್ ಹತ್ತಿರ ಹೋಗುವುದಿಲ್ಲ. ಆದರೆ ಬಾಣಂತಿಗೆ ಇಲ್ಲದ ದನಿ ಕೇಳಿಸುವುದು, ಕೂಸಿನ ಬಗ್ಗೆ ವಿಚಿತ್ರ ನಂಬಿಕೆ, ನಿದ್ದೆ ಇಲ್ಲದೆ ಗಾಬರಿ, ಇಂಥದ್ದು ಕಂಡರೆ ಅದು ಬೇರೆ ಕಾಯಿಲೆ, ಅದಕ್ಕೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಗೋವಾದಲ್ಲಿ ಇನ್ನೊಂದು ಒಳ್ಳೆಯ ಕೆಲಸ ನಡೆದಿದೆ. ಸಂಗತ್ ಸಂಸ್ಥೆಯವರು ಡಾಕ್ಟರ್ ಅಲ್ಲದ, ಮನಃಶಾಸ್ತ್ರ ಓದದ ಸ್ಥಳೀಯ ಜನರಿಗೇ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ ಇರುವವರಿಗೆ ಆರರಿಂದ ಎಂಟು ಸಲ ಕೂರಿಸಿ ಮಾತಾಡಿಸುವ ಕಾರ್ಯಕ್ರಮ ಮಾಡಿದರು. ಹಿಂಜೇವಾಡಿ ಅವರು ಬರೆದ ಹಾಳೆಯ ಹಾಗೇ, ದಿನದಲ್ಲಿ ಏನು ಮಾಡುತ್ತೀಯಾ ಅನ್ನುವುದರಿಂದಲೇ ಶುರು. ತೀವ್ರ ಖಿನ್ನತೆ ಇದ್ದವರಿಗೂ ಉಪಯೋಗವಾಯಿತು ಅಂತ 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಬಾಣಂತಿಯರ ಹತ್ತಿರ ಬೇರೆ ತಾಯಂದಿರೇ ಹೋಗಿ ಮಾತಾಡುವ ಕಾರ್ಯಕ್ರಮವನ್ನೂ ಮಾಡಿದ್ದಾರೆ. ಕೌನ್ಸೆಲಿಂಗ್ ಅಂದರೆ ದುಡ್ಡಿದ್ದವರಿಗೆ, ಇಂಗ್ಲಿಷ್ ಬಲ್ಲವರಿಗೆ ಅಂತ ನಮ್ಮವರು ಹಿಂಜರಿಯುತ್ತಾರೆ, ಅದಕ್ಕೇ ಇಷ್ಟು ಬರೆದೆ.

ಘಾಟ್ಕೋಪರ್‌ವಾಸಿ

ಚಿಕ್ಕದಾಗಿ ಒಂದು. ರಕ್ತ ಪರೀಕ್ಷೆ ಮಾಡಿಸಿದ್ದೀರಾ? ನಮ್ಮ ಮಾವನವರು ನಿವೃತ್ತರಾದ ಮೇಲೆ ಮಾತು ಬಿಟ್ಟರು, ಹೆಸರು ಮರೆಯುತ್ತಿದ್ದರು, ಎಲ್ಲರೂ ವಯಸ್ಸಾಯಿತು, ಮರೆವಿನ ಕಾಯಿಲೆ ಅಂದುಕೊಂಡೆವು. ನೋಡಿದರೆ ಥೈರಾಯ್ಡ್ ಕಮ್ಮಿ, ಬಿ12 ಕಮ್ಮಿ, ಅದರ ಮೇಲೆ ಖಿನ್ನತೆ. ಮೂರಕ್ಕೂ ಔಷಧ ಆದ ಮೇಲೆ ಈಗ ದಿನಾ ಪೇಪರ್ ಓದಿ ನಮ್ಮ ಜೊತೆ ರಾಜಕೀಯ ಚರ್ಚೆ ಮಾಡುತ್ತಾರೆ. ವಯಸ್ಸಾದವರು ಬೇಜಾರು ಅನ್ನುವುದೇ ಇಲ್ಲ, ಮೈಕೈ ನೋವು, ಗ್ಯಾಸ್, ನೆನಪಿಲ್ಲ ಅಂತಲೇ ಹೇಳುತ್ತಾರೆ.

ಡೊಂಬಿವಲಿ_ಅಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು, ಡೋಸ್ ಹೆಚ್ಚಿಸುವುದು ಬೇಡ, ತಜ್ಞರಿಗೇ ತೋರಿಸಿ ಅಂದರು. ತಮ್ಮನನ್ನೂ ಕೇಳಿದೆ. ಬದುಕಿ ಏನು ಮಾಡಲಿ ಅನಿಸುತ್ತದೆ ಅಕ್ಕ, ಆದರೆ ಏನೂ ಮಾಡಿಕೊಳ್ಳುವುದಿಲ್ಲ ಅಂದ. ಮಾತ್ರೆ ಎಲ್ಲಾ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ, ರಾತ್ರಿ ಅಮ್ಮ ಅವನ ಕೋಣೆಯಲ್ಲೇ ಮಲಗುತ್ತಾರೆ.

ಎರಡು ಕಷ್ಟ ಇದೆ. ಹುಚ್ಚರ ಡಾಕ್ಟರ್ ಹತ್ತಿರ ಬರುವುದಿಲ್ಲ ಅಂತ ಹಟ ಮಾಡುತ್ತಿದ್ದಾನೆ. ಮತ್ತೆ ಖರ್ಚು. ಅವನ ಸಂಬಳ ನಿಂತಿದೆ. ಅಮ್ಮನಿಗೆ ಊರಿನ ಯೋಚನೆ ಬಿಡುತ್ತಿಲ್ಲ.

ಸಿಸ್ಟರ್_ಮುಲುಂಡ್

ಖರ್ಚಿಗೆ ಹೆದರಬೇಡಿ. ಮುಂಬೈನ ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋರೋಗ ಒಪಿಡಿ ಇದೆ. ಕೇಸ್ ಪೇಪರ್‌ಗೆ ದೊಡ್ಡ ಖರ್ಚಿಲ್ಲ. ನಿಮಗೆ ಥಾಣೆ ನಗರದ ಸರ್ಕಾರಿ ಮಾನಸಿಕ ಆಸ್ಪತ್ರೆ ಹತ್ತಿರ, ಅಲ್ಲೂ ಹೊರರೋಗಿಗಳನ್ನು ನೋಡುತ್ತಾರೆ, ಆದರೆ ಅವನಿಗೆ ಆ ಹೆಸರೇ ಭಯವಾದರೆ ಜನರಲ್ ಆಸ್ಪತ್ರೆಯೇ ಇರಲಿ. ಬೆಳಿಗ್ಗೆ ಬೇಗ ಹೋಗಿ, ಸಾಲು ಉದ್ದ ಇರುತ್ತದೆ, ತಿಂಡಿ ನೀರು ಜೊತೆಗಿರಲಿ. ನಡೆಯುತ್ತಿರುವ ಮಾತ್ರೆಯ ಸ್ಟ್ರಿಪ್ ತೆಗೆದುಕೊಂಡು ಹೋಗಿ. ಒಳಗೆ ನೀವೂ ಹೋಗಿ. ಸ್ವಲ್ಪ ಹೊತ್ತು ಅವನನ್ನು ಒಬ್ಬನೇ ಮಾತಾಡಲು ಬಿಡಿ, ಸ್ವಲ್ಪ ಹೊತ್ತು ನೀವೊಬ್ಬರೇ ಮಾತಾಡಿ.

ಕರೆದುಕೊಂಡು ಹೋಗುವಾಗ ಕಾಯಿಲೆಯ ಹೆಸರು ತೆಗೆಯಬೇಡಿ. ನಿನಗೆ ನಿದ್ದೆ ಸರಿಯಿಲ್ಲ, ತೋರಿಸೋಣ ಅನ್ನಿ. ಅದು ಸುಳ್ಳೂ ಅಲ್ಲ. ಅಮ್ಮನ ಮಾತನ್ನು ತಳ್ಳಿ ಹಾಕಬೇಡಿ. ಹರಕೆ ಇದ್ದರೆ ತೆಗೆದಿಡಲಿ, ಅವನು ಪ್ರಯಾಣ ಮಾಡುವ ಹಾಗಾದ ಮೇಲೆ ಊರಿಗೆ ಹೋಗಿ ಬನ್ನಿ. ಮಾತ್ರೆ ತಪ್ಪಬಾರದು, ಅಷ್ಟೇ.

ಹಿಂಜೇವಾಡಿ_ಹುಡುಗ

ಡೋಸ್ ಬಗ್ಗೆ ಸಿಸ್ಟರ್ ಹೇಳಿದ್ದನ್ನೇ ಹಿಡಿಯಿರಿ ಅಕ್ಕ. ಇನ್ನು ಇನ್ಶೂರೆನ್ಸ್: 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ದೈಹಿಕ ಕಾಯಿಲೆಗೆ ಕೊಡುವ ಹಾಗೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಯಜಮಾನರ ಅಥವಾ ಅವನ ಹಳೇ ಪಾಲಿಸಿ ಇದ್ದರೆ ಒಮ್ಮೆ ಓದಿ ನೋಡಿ, ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಬೇಕಾಗುತ್ತದೆ. ಒಪಿಡಿ ಖರ್ಚು ಹೆಚ್ಚಿನ ಪಾಲಿಸಿಗಳಲ್ಲಿ ಬರುವುದಿಲ್ಲ.

ತಮ್ಮ ಹಟ ಮಾಡಿದರೆ ದೀಪಿಕಾ ಪಡುಕೋಣೆ ಹೆಸರು ಹೇಳಿ ನೋಡಿ. ನಮ್ಮ ಬೆಂಗಳೂರಲ್ಲಿ ಬೆಳೆದವರು, 2015ರಲ್ಲಿ ತಮಗೆ ಖಿನ್ನತೆ ಇತ್ತು, ಚಿಕಿತ್ಸೆ ತೆಗೆದುಕೊಂಡೆ ಅಂತ ಟಿವಿಯಲ್ಲೇ ಹೇಳಿದರು. ನಮ್ಮಪ್ಪ ನನ್ನ ಮಾತ್ರೆಯನ್ನು ಒಪ್ಪಿಕೊಂಡದ್ದು ಆ ಸಂದರ್ಶನ ನೋಡಿದ ಮೇಲೆ.

ಡೊಂಬಿವಲಿ_ಅಕ್ಕ

ಹೋಗಿ ಬಂದೆವು. ಡಾಕ್ಟರ್ ತುಂಬಾ ಹೊತ್ತು ಕೇಳಿದರು. ಕ್ಯಾಲೆಂಡರ್ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಇವನ್ನು ಯಾವ ಹೊತ್ತಿಗೆ ಬರೆದೆ ಅಂತ ಅವನನ್ನೇ ಕೇಳಿದರು. ಅವನು ತಾನಾಗಿ ಎಲ್ಲಾ ಹೇಳಿದ, ಕಾಲೇಜಿನಲ್ಲೂ ಒಮ್ಮೆ ಹೀಗೆ ಆಗಿತ್ತಂತೆ, ನಮಗೆ ಗೊತ್ತೇ ಇರಲಿಲ್ಲ. ಬೈಪೋಲಾರ್ ಅಂದರು. ಹಳೇ ಮಾತ್ರೆ ಇಳಿಸಿ ನಿಲ್ಲಿಸಲು ಹೇಳಿದ್ದಾರೆ. ಥೈರಾಯ್ಡ್, ಕಿಡ್ನಿ ಪರೀಕ್ಷೆ ಮಾಡಿಸಿ ಲಿಥಿಯಂ ಶುರು ಮಾಡಿದ್ದಾರೆ, ಮುಂದಿನ ವಾರ ಮತ್ತೆ ರಕ್ತ ಕೊಡಬೇಕು. ಎಷ್ಟು ಕಾಲ ಅಂತ ಕೇಳಿದ್ದಕ್ಕೆ ಸದ್ಯಕ್ಕೆ ಅದನ್ನು ಯೋಚಿಸಬೇಡಿ ಅಂದರು.

ಒಂದು ಕೇಳಲು ಮರೆತೆ. ದಿನವಿಡೀ ನಿಂತು ನಿಂತು ಅವನಿಗೆ ಸೊಂಟ ನೋವು ಇದೆ, ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ನುಂಗುತ್ತಿರುತ್ತಾನೆ. ಲಿಥಿಯಂ ಜೊತೆ ನಡೆಯುತ್ತದಾ?

ಸಿಸ್ಟರ್_ಮುಲುಂಡ್

ಇಲ್ಲ, ಅದನ್ನು ಇವತ್ತೇ ನಿಲ್ಲಿಸಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಹದ ನೋವಿನ ಮಾತ್ರೆ ತೆಗೆದುಕೊಂಡರೆ ರಕ್ತದಲ್ಲಿ ಲಿಥಿಯಂ ಏರುತ್ತದೆ, ಅದು ವಿಷವಾಗುವ ಮಟ್ಟಕ್ಕೂ ಹೋಗಬಹುದು. ನೋವಿಗೆ ಪ್ಯಾರಾಸಿಟಮಾಲ್ ನಡೆಯುತ್ತದಾ ಅಂತ ಅದೇ ಡಾಕ್ಟರನ್ನು ಕೇಳಿ, ಸಾಮಾನ್ಯವಾಗಿ ಅದನ್ನೇ ಹೇಳುತ್ತಾರೆ. ಬಿಪಿಯ ಕೆಲವು ಮಾತ್ರೆಗಳೂ ಆಗಿ ಬರುವುದಿಲ್ಲ. ಬೇರೆ ಯಾವ ಡಾಕ್ಟರ್ ಹತ್ತಿರ ಹೋದರೂ, ಹಲ್ಲಿನ ಡಾಕ್ಟರ್ ಆದರೂ, ಲಿಥಿಯಂ ನಡೆಯುತ್ತಿದೆ ಅಂತ ಮೊದಲೇ ಹೇಳಬೇಕು.

ನೀರು ಚೆನ್ನಾಗಿ ಕುಡಿಯಲಿ. ಉಪ್ಪು ಯಾವಾಗಿನಷ್ಟೇ ಇರಲಿ, ಒಮ್ಮೆಲೇ ಕಮ್ಮಿ ಮಾಡಬೇಡಿ. ವಾಂತಿ ಭೇದಿ ಶುರುವಾದರೆ, ಕೈ ಜೋರಾಗಿ ನಡುಗಿದರೆ, ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ ಮುಂದಿನ ಮಾತ್ರೆ ಕೊಡದೆ ನೇರ ಆಸ್ಪತ್ರೆಗೆ ಹೋಗಿ. ಹಿಂದಿನ ರಾತ್ರಿಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು, ಬೆಳಗಿನ ಮಾತ್ರೆ ಇದ್ದರೆ ಅದನ್ನು ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಲಿ.